ಸತ್ಯಾಣುವ್ರತವೂ ಮಾತನಾಡುವ ಯಂತ್ರವೂ

ಭಾದ್ರಪದ ಮಾಸದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಧರ್ಮದ ದಿನ ಸಾಯಂಕಾಲ ಬಸದಿಯಲ್ಲಿ ನಾಲ್ಕು ಮಾತು ಆಡಬೇಕೆಂದು, ಕಾಲೇಜಿನಲ್ಲಿ ಓದುತ್ತಿರುವ ಶ್ರಾವಕ ಮನೆತನದ ಹುಡುಗಿಯೊಬ್ಬಳಿಗೆ ಹಿರಿಯರು ಸೂಚಿಸಿರುವರೆಂದು ಇಟ್ಟುಕೊಳ್ಳಬಹುದು. ಪ್ರಸಂಗ ಕಲ್ಪಿತವಾದುದು, ಆದರೆ ಅಸಂಭವವಾದುದೇನೂ ಅಲ್ಲ. ಪರೀಕ್ಷೆ ಸಮೀಪಿಸಿದೆ, ಪುರಾಣವನ್ನು ತೆರೆದು ಓದಲು ವ್ಯವಧಾನವಿಲ್ಲ. ಅವಳು ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ವಿಷಯವನ್ನು ತಿಳಿಸಿ, ಹತ್ತು ನಿಮಿಷದ ಭಾಷಣವೊಂದನ್ನು ಬರೆದುಕೊಡೆಂದು ಕೇಳುತ್ತಾಳೆ. ಒಂದು ನಿಮಿಷ ತುಂಬುವುದರೊಳಗೆ ಭಾಷಣ ಸಿದ್ಧವಾಗುತ್ತದೆ. ಭಾಷೆ ಸೊಗಸಾಗಿದೆ, ಆರಂಭದಲ್ಲಿ ಮಂಗಲಾಚರಣೆಯಿದೆ, ನಡುವೆ ವಸುರಾಜನ ಕಥೆಯಿದೆ, ಕೊನೆಯಲ್ಲಿ ಪಂಪನ ಆದಿಪುರಾಣದ್ದೆಂದು ಹೇಳಿದ ಒಂದು ಪದ್ಯವೂ ಇದೆ.

ವಸುರಾಜನ ಕಥೆ ಜೈನ ಮನೆಗಳಲ್ಲಿ ಅಪರಿಚಿತವಾದುದಲ್ಲ. ಕ್ಷೀರಕದಂಬನೆಂಬ ಗುರುವಿನಲ್ಲಿ ಅವನ ಮಗನಾದ ಪರ್ವತ, ನಾರದ, ವಸು ಈ ಮೂವರೂ ಓದಿದವರು. 'ಅಜ'ಗಳಿಂದ ಯಜ್ಞ ಮಾಡಬೇಕೆಂಬ ವಾಕ್ಯಕ್ಕೆ ಅರ್ಥವೇನೆಂದು ಮುಂದೆ ವಿವಾದವೆದ್ದಾಗ, ಅಜವೆಂದರೆ ಮತ್ತೆ ಮೊಳೆಯಲಾರದ ಹಳೆಯ ಧಾನ್ಯವೆಂದು ನಾರದನೂ, ಆಡೆಂದು ಪರ್ವತನೂ ವಾದಿಸಿದರು. ತೀರ್ಪು ಹೇಳಬೇಕಾದವನು ವಸು. ಅವನು ಸತ್ಯವಾದಿಯಾದುದರಿಂದ ಅವನ ಸಿಂಹಾಸನ ಆಕಾಶದಲ್ಲಿ ನಿಂತಿದೆಯೆಂದು ಪ್ರಜೆಗಳು ನಂಬಿದ್ದರು. ಆ ಸಿಂಹಾಸನದ ಕೆಳಗೆ ಕಣ್ಣಿಗೆ ಕಾಣಿಸದಷ್ಟು ನಿರ್ಮಲವಾದ ಸ್ಫಟಿಕದ ಆಧಾರವಿದ್ದುದು ಅವರಿಗೆ ತಿಳಿದಿರಲಿಲ್ಲ. ಗುರುಪತ್ನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು, ಸರಿಯಾದ ಅರ್ಥ ತಿಳಿದಿದ್ದರೂ ವಸು ಪರ್ವತನ ಪಕ್ಷವನ್ನು ಎತ್ತಿಹಿಡಿದನು. ಸಿಂಹಾಸನದೊಡನೆ ಭೂಮಿಯೊಳಗೆ ಕುಸಿದು ನರಕಭಾಜನನಾದನು.

ಯಂತ್ರ ಬರೆದ ಭಾಷಣದಲ್ಲಿ ಈ ಕಥೆ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ಧಾನ್ಯವೆಂದವನು ಪರ್ವತನೆಂದೂ ಆಡೆಂದವನು ನಾರದನೆಂದೂ ಹೆಸರುಗಳು ಅದಲುಬದಲಾಗಿವೆ. ಪದ್ಯದಲ್ಲಿ ಹಳಗನ್ನಡದ ಛಾಯೆಯಿದೆ, ಪ್ರಾಸವೂ ಇದೆ. ಆದಿಪುರಾಣದ ಯಾವ ಆಶ್ವಾಸದಲ್ಲಿಯೂ ಅಂತಹ ಪದ್ಯವಿಲ್ಲ. ಸಭೆ ಮೆಚ್ಚಿತು. ಕೆಲವರು ಭಾಷಣವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡರು. ನಿತ್ಯ ಸ್ವಾಧ್ಯಾಯದ ಅಭ್ಯಾಸವುಳ್ಳ ಅವಳ ಅಜ್ಜ ಮಾತ್ರ ಮನೆಗೆ ಬಂದ ಮೇಲೆ ಮೆಲ್ಲನೆ ಕೇಳಿದರು: "ಏನಮ್ಮಾ, ಆ ಪದ್ಯ ಎಷ್ಟನೆಯ ಆಶ್ವಾಸದ್ದು?" "ನನಗೆ ತಿಳಿಯದಜ್ಜಾ, ಮೊಬೈಲು ಕೊಟ್ಟದ್ದು."

ಸತ್ಯಧರ್ಮದ ದಿನ, ಜಿನಬಿಂಬದ ಎದುರಿಗೆ, ಅಸತ್ಯವೊಂದು ನುಡಿಯಲ್ಪಟ್ಟಿತು. ಅದು ಯಾರ ಅಸತ್ಯ?

ಯಂತ್ರದ್ದೆಂದು ಹೇಳಿ ಮುಗಿಸುವುದು ಸುಲಭ. ಆದರೆ ಜೀವದ ಲಕ್ಷಣ ಉಪಯೋಗ, ಎಂದರೆ ಜ್ಞಾನದರ್ಶನಗಳ ವ್ಯಾಪಾರ. ಯಂತ್ರವಾದರೋ ಸಿಲಿಕಾನ್ ಬಿಲ್ಲೆಗಳಲ್ಲಿ ವಿದ್ಯುತ್ತು ಹರಿದಾಡುವ ಪುದ್ಗಲದ ಒಂದು ರಚನೆ. ಅದು ಕೋಟ್ಯಂತರ ಪುಟಗಳ ಬರವಣಿಗೆಯಿಂದ ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದರ ಲೆಕ್ಕವನ್ನು ಸಂಗ್ರಹಿಸಿಕೊಂಡು, ಕೇಳಿದ ಪ್ರಶ್ನೆಗೆ ಒಪ್ಪುವಂತೆ ಒಂದೊಂದೇ ಪದವನ್ನು ಜೋಡಿಸುತ್ತ ಹೋಗುತ್ತದೆ. ಸರಿಯಾದ ಉತ್ತರ ಹುಟ್ಟುವುದೂ ತಪ್ಪಾದ ಉತ್ತರ ಹುಟ್ಟುವುದೂ ಒಂದೇ ಕ್ರಿಯೆಯಿಂದ. ಸಂಭವನೀಯವಾದುದು ಬೇರೆ, ಸತ್ಯವಾದುದು ಬೇರೆ. ಮೊದಲನೆಯದರ ಲೆಕ್ಕ ಅದರ ಬಳಿ ಇದೆ. ಒಂದೇ ಕಥೆಯಲ್ಲಿ ಒಟ್ಟಿಗೇ ಬರುವ ಎರಡು ಹೆಸರುಗಳು ಸ್ಥಾನ ಬದಲಿಸುವುದು ಅಂತಹ ಲೆಕ್ಕದಲ್ಲಿ ಅಚ್ಚರಿಯ ಸಂಗತಿಯಲ್ಲ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರವಣಿಗೆ, ಅದರಲ್ಲಿಯೂ ಜೈನ ಪುರಾಣಗಳ ಬರವಣಿಗೆ, ಅದು ಕಲಿತ ಪುಟಗಳಲ್ಲಿ ಅತ್ಯಲ್ಪ. ಆದುದರಿಂದ ಇಲ್ಲಿ ತಪ್ಪುಗಳು ಹೆಚ್ಚು.

ಆದರೂ ಮನುಷ್ಯನ ಸ್ವಭಾವ ವಿಚಿತ್ರವಾದುದು. 1966ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 'ಎಲೈಝಾ' ಎಂಬ ಸಂಭಾಷಣ ಕಾರ್ಯಕ್ರಮವನ್ನು ಪ್ರಕಟಿಸಿದರು. ಎದುರಿನವರ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಕ್ಕಿಂತ ಹೆಚ್ಚಿನ ಸಾಮರ್ಥ್ಯ ಅದಕ್ಕಿರಲಿಲ್ಲ. ಅದು ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಸ್ವಲ್ಪ ಹೊತ್ತು ಸಂಭಾಷಿಸಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗಬಹುದೇ ಎಂದು ಅವರನ್ನೇ ಕೇಳಿದಳಂತೆ. ವೈಜೆನ್‌ಬಾಮ್ ಇದರಿಂದ ಬೆಚ್ಚಿ, 1976ರಲ್ಲಿ ಬರೆದ ಗ್ರಂಥವೊಂದರಲ್ಲಿ, ಕಂಪ್ಯೂಟರಿನಿಂದ ಮಾಡಿಸಲು ಸಾಧ್ಯವಾದ ಕೆಲವು ಕಾರ್ಯಗಳನ್ನೂ ಅದರಿಂದ ಮಾಡಿಸಬಾರದೆಂದು ವಾದಿಸಿದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಅಂದಿನ ಒಂದು ಕೋಣೆಯ ಅನುಭವ ಮನೆಮನೆಯ ಅನುಭವವಾಗಿದೆ. ಅಜೀವದಲ್ಲಿ ಜೀವವನ್ನು ಕಾಣುವ ಭ್ರಾಂತಿ ಹೊಸದಲ್ಲ. ಅದು ಮರುಮಾತು ಕೊಡುವುದು ಹೊಸದು.

ಕಷಾಯವಿಲ್ಲದ, ಮನೋವಾಕ್ಕಾಯಗಳ ಯೋಗವಿಲ್ಲದ ಯಂತ್ರಕ್ಕೆ ಆಸ್ರವವೂ ಇಲ್ಲ, ಬಂಧವೂ ಇಲ್ಲ. ಹಾಗಾದರೆ ಹೊಣೆ ಎಲ್ಲಿಗೆ ಹೋಗುತ್ತದೆ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವನ್ನು ಜೀವ, ಅಜೀವ ಎಂದು ಎರಡಾಗಿ ವಿಭಾಗಿಸಿದ್ದಾರೆ. ಕತ್ತಿ, ವಿಷ, ಬಲೆಗಳಂತೆ ಯಂತ್ರವೂ ಅಜೀವಾಧಿಕರಣ. ಜೀವಾಧಿಕರಣಕ್ಕೆ ಬಂದರೆ, ಸಂಕಲ್ಪಿಸುವುದು, ಸಾಧನ ಕೂಡಿಸುವುದು, ಆರಂಭಿಸುವುದು ಎಂಬ ಮೂರು; ಅವನ್ನು ಮನಸ್ಸು, ಮಾತು, ಕಾಯಗಳ ಮೂರರಿಂದಲೂ, ಕೃತ, ಕಾರಿತ, ಅನುಮತಗಳ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವವರಿಗೆ ಈ ಲೆಕ್ಕ ಗೊತ್ತಿರುವುದೇ. ಈ 108ರಲ್ಲಿ ಮೂರನೆಯ ಒಂದು ಪಾಲು, ಎಂದರೆ 36, 'ಕಾರಿತ'ಕ್ಕೆ ಸೇರಿದವು. ತಾನು ಮಾಡಲಿಲ್ಲ, ಮಾಡಿಸಿದೆನಷ್ಟೆ ಎಂಬ ಮಾತಿಗೆ ಆಚಾರ್ಯರು ಬಹಳ ಹಿಂದೆಯೇ ಬಾಗಿಲು ಮುಚ್ಚಿರುವರು.

ಆ ಬಾಗಿಲನ್ನು ಮತ್ತೆ ತೆರೆಯಲು ಇತ್ತೀಚೆಗೆ ಕೆನಡಾ ದೇಶದಲ್ಲಿ ಒಂದು ಪ್ರಯತ್ನ ನಡೆಯಿತು. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕರು ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಸಂಭಾಷಣ ಯಂತ್ರವನ್ನು, ಮರಣದ ಸಂದರ್ಭದ ರಿಯಾಯಿತಿ ದರದ ಬಗ್ಗೆ ವಿಚಾರಿಸಿದರು. ಈಗ ಪೂರ್ಣ ಹಣಕ್ಕೆ ಟಿಕೆಟು ಕೊಂಡು 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಯಂತ್ರ ತಿಳಿಸಿತು. ಸಂಸ್ಥೆಯ ನಿಯಮ ಅದಕ್ಕೆ ವಿರುದ್ಧವಾಗಿತ್ತು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇರಲಿಲ್ಲ. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಳಿಗೆ ಹೋದಾಗ ಸಂಸ್ಥೆಯ ವಾದ, ಆ ಸಂಭಾಷಣ ಯಂತ್ರವು ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕವೆಂಬಂತೆ ಇತ್ತು. ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಈ ವಾದವನ್ನು ತಳ್ಳಿಹಾಕಿ, ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಸಂಸ್ಥೆಯೇ ಹೊಣೆಯೆಂದು ಹೇಳಿ ಪರಿಹಾರ ಕೊಡಿಸಿತು. ಮೊತ್ತ ದೊಡ್ಡದಲ್ಲ, ಕೆಲವು ನೂರು ಡಾಲರುಗಳು. ಆದರೆ ವಾದ ಗೆದ್ದಿದ್ದರೆ, ಲಾಭ ಒಡೆಯನದು, ಪಾಪ ಯಂತ್ರದ್ದು ಎಂಬ ವಿಲಕ್ಷಣ ವಿಭಾಗ ಲೋಕದಲ್ಲಿ ಊರ್ಜಿತವಾಗುತ್ತಿತ್ತು.

ಇನ್ನು ಸತ್ಯಾಣುವ್ರತದ ಅತಿಚಾರಗಳು. ತತ್ತ್ವಾರ್ಥಸೂತ್ರ ಹೇಳುವ ಐದು: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. (ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಪಟ್ಟಿ ಸ್ವಲ್ಪ ಬೇರೆ.) ಇಂದಿನ ಯಂತ್ರಗಳ ವಿಷಯವಾಗಿ ದೇಶವಿದೇಶಗಳಲ್ಲಿ ಎದ್ದಿರುವ ದೂರುಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ.

ಕೂಟಲೇಖವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ರೀತಿ ಗಮನಾರ್ಹವಾದುದು. ಇನ್ನೊಬ್ಬನು ಹೇಳದಿದ್ದುದನ್ನು, ಮಾಡದಿದ್ದುದನ್ನು, ಅವನು ಹೀಗೆ ಹೇಳಿದನು, ಹೀಗೆ ಮಾಡಿದನು ಎಂದು ವಂಚನೆಯ ನಿಮಿತ್ತವಾಗಿ ಬರೆಯುವುದು ಕೂಟಲೇಖ. 2023ರಲ್ಲಿ ನ್ಯೂಯಾರ್ಕಿನ ವಕೀಲರು ವಿಮಾನ ಸಂಸ್ಥೆಯೊಂದರ ವಿರುದ್ಧದ ದಾವೆಯಲ್ಲಿ ಸಲ್ಲಿಸಿದ ಪತ್ರದಲ್ಲಿ, ಯಾವ ನ್ಯಾಯಾಲಯವೂ ಕೊಡದ ತೀರ್ಪುಗಳ ಉಲ್ಲೇಖಗಳಿದ್ದವು. ಅವನ್ನು ಚಾಟ್‌ಜಿಪಿಟಿ ರಚಿಸಿಕೊಟ್ಟಿತ್ತು. ಸಂಶಯ ಬಂದು ಅವು ನಿಜವೇ ಎಂದು ವಕೀಲರು ಕೇಳಿದ್ದು ಅದೇ ಯಂತ್ರವನ್ನು! ನಿಜವೆಂದು ಅದು ಭರವಸೆ ಕೊಟ್ಟಿತು. ನ್ಯಾಯಾಧೀಶರು 5,000 ಡಾಲರು ದಂಡ ವಿಧಿಸುತ್ತ, ಯಂತ್ರದ ಸಹಾಯ ಪಡೆದುದೇ ದೋಷವೆಂದು ಹೇಳಲಿಲ್ಲ. ಪರಿಶೀಲಿಸುವ ಹೊಣೆಯನ್ನು ಬಿಟ್ಟುಕೊಟ್ಟದ್ದು, ಪ್ರಶ್ನೆ ಎದ್ದ ಮೇಲೂ ಆ ತೀರ್ಪುಗಳನ್ನೇ ಸಮರ್ಥಿಸಿದ್ದು ದೋಷವೆಂದರು. ಇದು ದೂರದ ಊರಿನ ಕಥೆಯೆಂದು ಭಾವಿಸುವಂತಿಲ್ಲ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಬೆಂಗಳೂರು ಪೀಠದ ಆದೇಶವೊಂದರಲ್ಲಿಯೇ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಇದು ಕೃತಕ ಬುದ್ಧಿಮತ್ತೆಯ ಕೊಡುಗೆಯೆಂದು ಪತ್ರಿಕೆಗಳು ಬರೆದವು. 2025ರ ಜುಲೈಯಲ್ಲಿ ಕೇರಳದ ಉಚ್ಚ ನ್ಯಾಯಾಲಯ, ಜಿಲ್ಲಾ ನ್ಯಾಯಾಲಯಗಳಲ್ಲಿ ತೀರ್ಮಾನಕ್ಕೆ ಬರುವುದಕ್ಕಾಗಲಿ ತೀರ್ಪು ಬರೆಯುವುದಕ್ಕಾಗಲಿ ಇಂತಹ ಯಂತ್ರಗಳನ್ನು ಬಳಸಕೂಡದೆಂದು ನಿಯಮವನ್ನೇ ಮಾಡಿತು.

ಪೂಜ್ಯಪಾದರ ವಿವರಣೆಯಲ್ಲಿ 'ವಂಚನೆಯ ನಿಮಿತ್ತ' ಎಂಬ ನಿಬಂಧನೆಯಿದೆಯಲ್ಲವೆ, ಆ ಹುಡುಗಿಗೆ ವಂಚಿಸುವ ಉದ್ದೇಶ ಎಲ್ಲಿತ್ತು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. ಪದ್ಯ ಪಂಪನದಲ್ಲವೆಂದು ಅವಳಿಗೆ ತಿಳಿದಿರಲಿಲ್ಲ. ಆ ಭಾಗದಲ್ಲಿ ಕೂಟಲೇಖದ ದೋಷ ಅವಳಿಗೆ ತಗಲದು. ಆದರೆ ತನ್ನದಲ್ಲದ ಭಾಷಣವನ್ನು ತನ್ನದೆಂಬಂತೆ ಓದಿದಳು. ಸಭೆ ಹಾಗೆಯೇ ತಿಳಿಯಿತು, ಹಾಗೆ ತಿಳಿಯಲೆಂದೇ ಅವಳೂ ಸುಮ್ಮನಿದ್ದಳು. ಇದು ಸಣ್ಣದಾದರೂ ವಂಚನೆಯೇ. ವಿಚಿತ್ರವೆಂದರೆ ಅಜ್ಜ ಪದ್ಯದ ಬಗ್ಗೆ ಕೇಳಿದರೇ ಹೊರತು ಇದರ ಬಗ್ಗೆ ಕೇಳಲಿಲ್ಲ. ಭಾಷಣ ಬರೆಸಿಕೊಂಡು ಓದುವುದು ಯಂತ್ರ ಬರುವುದಕ್ಕೆ ಮೊದಲೂ ಸಮಾಜದಲ್ಲಿ ಇದ್ದುದರಿಂದ ಅವರಿಗೆ ಅದು ದೋಷವಾಗಿ ತೋರಲಿಲ್ಲವೋ ಏನೋ.

ಉದ್ದೇಶವಿಲ್ಲದ ತಪ್ಪಿಗೆ ಬಂದರೆ, ಅಲ್ಲಿ ಪ್ರಮಾದದ ವಿಚಾರ ಏಳುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಯತ್ನಾಚಾರವಿಲ್ಲದವನಿಗೆ ಜೀವ ಸಾಯಲಿ ಬದುಕಲಿ ಹಿಂಸೆ ನಿಶ್ಚಿತವೆಂದೂ, ಸಮಿತಿಯಿಂದ ನಡೆಯುವವನಿಗೆ ಕೇವಲ ಜೀವಘಾತವಾದ ಮಾತ್ರಕ್ಕೆ ಬಂಧವಿಲ್ಲವೆಂದೂ ಹೇಳಿರುವರು. ನೆಲವನ್ನು ನೋಡಿ ಕಾಲಿಟ್ಟವನೂ ನೋಡದೆ ಕಾಲಿಟ್ಟವನೂ ಫಲದಲ್ಲಿ ಒಂದೇ ಆಗಬಹುದು, ಭಾವದಲ್ಲಿ ಒಂದಾಗಲಾರರು. ಮಾತಿಗೂ ಇದೇ ನ್ಯಾಯ. ಯಂತ್ರದ ಪದ್ಯ ಅದೃಷ್ಟವಶಾತ್ ನಿಜವಾಗಿಯೇ ಪಂಪನದಾಗಿದ್ದರೂ, ನೋಡದೆ ನುಡಿದ ಪ್ರಮಾದ ಅಷ್ಟೇ ಇರುತ್ತಿತ್ತು. ಬಟ್ಟೆಯಲ್ಲಿ ಸೋಸದ ನೀರನ್ನು ಬಾಯಿಗೆ ಮುಟ್ಟಿಸದ ಮನೆಗಳಲ್ಲಿ, ಸೋಸಿದ ಮೇಲೆ ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ತಂದ ಜಲಕ್ಕೇ ಮರಳಿ ಸೇರಿಸುವಷ್ಟು ಎಚ್ಚರವುಳ್ಳ ಮನೆಗಳಲ್ಲಿ, ಮೊಬೈಲಿಗೆ ಬಂದ ಮಾತು ಸೋಸದೆ ಹತ್ತು ಕಡೆ ಹರಿಯುತ್ತಿರುವುದು ದಿನನಿತ್ಯದ ನೋಟವಾಗಿದೆ.

ವ್ರತಗಳ ವಿಷಯದಲ್ಲಿ ಈ ಪ್ರಮಾದ ಬರಿಯ ಮಾತಿನ ದೋಷವಾಗಿ ಉಳಿಯುವುದಿಲ್ಲ. ಚತುರ್ದಶಿ ಎಂದು ಮುಗಿಯುತ್ತದೆ, ಪಾರಣೆ ಯಾವಾಗ ಎಂದು ಪಂಚಾಂಗವನ್ನು ಬಿಟ್ಟು ಯಂತ್ರವನ್ನು ಕೇಳಿದರೆ, ಶ್ವೇತಾಂಬರರ ಪರ್ಯುಷಣದ ದಿನಗಳನ್ನೂ ದಿಗಂಬರರ ದಶಲಕ್ಷಣದ ದಿನಗಳನ್ನೂ ಅದು ಬೆರಸಿ ಹೇಳಬಹುದು. ಅದರಿಂದ ಬಹಳವೆಂದರೆ ತಿಥಿ ತಪ್ಪುತ್ತದೆ. ಆದರೆ ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಗೃಹಿಣಿಯೊಬ್ಬಳು ಉಪವಾಸದ ದಿನ ಔಷಧದ ಪ್ರಮಾಣವೆಷ್ಟೆಂದು ಕೇಳಿದರೆ? ಆಹಾರವಿಲ್ಲದೆ ಎಂದಿನ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಪೂರ್ತಿ ಬಿಟ್ಟರೆ ಇನ್ನೊಂದು ಬಗೆಯ ಅಪಾಯ. ಅವಳ ದೇಹವನ್ನು ಬಲ್ಲ ವೈದ್ಯರು ನಿರ್ಧರಿಸಬೇಕಾದುದನ್ನು, ಅವಳ ಮುಖವನ್ನೇ ಕಾಣದ ಲೆಕ್ಕಾಚಾರ ಅದೇ ಸೊಗಸಾದ ಭಾಷೆಯಲ್ಲಿ, ಅದೇ ನಿಸ್ಸಂಶಯದ ಧಾಟಿಯಲ್ಲಿ ಹೇಳಿಬಿಡಬಲ್ಲದು. ಮಿಥ್ಯೋಪದೇಶವೆಂಬ ಮೊದಲನೆಯ ಅತಿಚಾರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಐದನೆಯದಾದ ಸಾಕಾರಮಂತ್ರಭೇದ ಸಾಮಾನ್ಯವಾಗಿ ಪ್ರವಚನಗಳಲ್ಲಿ ಬೇಗನೆ ಮುಗಿದುಹೋಗುವ ಪದ. ಇನ್ನೊಬ್ಬರ ಅಂಗವಿಕಾರ, ಹುಬ್ಬಿನ ಚಲನೆ ಮುಂತಾದ ಆಕಾರಗಳಿಂದ ಅವರ ಮನಸ್ಸಿನ ಅಭಿಪ್ರಾಯವನ್ನು ಅರಿತು, ಅಸೂಯೆಯೇ ಮೊದಲಾದ ಕಾರಣಗಳಿಂದ ಹೊರಗೆಡಹುವುದು ಅದರ ಅರ್ಥ. ಇದೂ ಒಂದು ಅತಿಚಾರವೇ, ಕಂಡದ್ದನ್ನು ಹೇಳಿದರೆ ಅಸತ್ಯ ಹೇಗಾದೀತು ಎಂದು ಓದುಗರಿಗೆ ಅನ್ನಿಸುವುದು ಸಹಜ. ಸತ್ಯವ್ರತಕ್ಕೆ ಮಾತಿನ ಯಥಾರ್ಥತೆಯೊಂದೇ ಅಳತೆಯಲ್ಲವೆಂಬುದು ಇಲ್ಲಿಯೇ ಸ್ಪಷ್ಟವಾಗುವುದು: ಪರರನ್ನು ನೋಯಿಸುವ ನಿಜವೂ ಆ ವ್ರತಕ್ಕೆ ಕಳಂಕ. ಇಂದು ಮುಖದ ಚಿತ್ರದಿಂದ, ಧ್ವನಿಯ ಏರಿಳಿತದಿಂದ ಮನುಷ್ಯನ ಸಿಟ್ಟು, ಬೇಸರ, ಭಯಗಳನ್ನು ಊಹಿಸುವೆವೆನ್ನುವ ಯಂತ್ರಗಳನ್ನು ನಿರ್ಮಿಸಿ ಮಾರುತ್ತಿದ್ದಾರೆ. ನೌಕರನು ಮನಸ್ಸಿಟ್ಟು ದುಡಿಯುತ್ತಿರುವನೇ, ವಿದ್ಯಾರ್ಥಿಗೆ ಪಾಠದಲ್ಲಿ ಗಮನವಿದೆಯೇ ಎಂದು ಒಡೆಯನಿಗೆ ವರದಿ ಒಪ್ಪಿಸುವುದು ಅವುಗಳ ಕೆಲಸ. ಯುರೋಪಿನ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾನೂನು, ಕೆಲಸದ ಸ್ಥಳದಲ್ಲಿಯೂ ಶಾಲೆಗಳಲ್ಲಿಯೂ ಹೀಗೆ ಭಾವನೆಗಳನ್ನು ಊಹಿಸುವ ಯಂತ್ರಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಶ್ರಾವಕರ ವ್ರತಪಟ್ಟಿಯಲ್ಲಿ ಶತಮಾನಗಳಿಂದ ಇದ್ದ ಒಂದು ನಿಷೇಧ ಬ್ರಸೆಲ್ಸ್ ನಗರದ ಶಾಸನಕಾರರ ಪುಸ್ತಕದಲ್ಲಿ ಬೇರೊಂದು ದಾರಿಯಿಂದ ಬಂದು ಸೇರಿದೆ. ಯಂತ್ರದ ಊಹೆ ತಪ್ಪಾಗಿದ್ದರಂತೂ ಎರಡು ಪಟ್ಟು ಅನ್ಯಾಯ. ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟುಗೊಂಡವರಲ್ಲ, ಕೆಲವರಿಗೆ ತಲೆನೋವಿರುತ್ತದೆ.

ಏಕಾಂತದ ಸಂಗತಿಯನ್ನು ಪ್ರಕಟಿಸುವ ರಹೋಭ್ಯಾಖ್ಯಾನಕ್ಕೂ, ನಂಬಿ ಇಟ್ಟುದನ್ನು ಅಪಹರಿಸುವ ನ್ಯಾಸಾಪಹಾರಕ್ಕೂ ಹೆಚ್ಚು ವಿವರಣೆ ಬೇಡ. ಇಲ್ಲದ ನಗ್ನಚಿತ್ರವನ್ನು ನಿಜವಾದ ಮುಖಕ್ಕೆ ಅಂಟಿಸಿ ಹೆಣ್ಣುಮಕ್ಕಳನ್ನು ಬೆದರಿಸುವ ದುಷ್ಕೃತ್ಯ ಎಲ್ಲರ ಕಿವಿಗೂ ಬಿದ್ದಿದೆ. ಮನೆಯ ಜಗಳ, ಕಾಯಿಲೆ, ಸಾಲಗಳ ಗುಟ್ಟನ್ನು ಯಂತ್ರದ ಮುಂದೆ ತೋಡಿಕೊಳ್ಳುವವರು, ಅದು ಬೇರೊಂದು ದೇಶದ ಕಂಪನಿಯ ಉಗ್ರಾಣದಲ್ಲಿ ಇಟ್ಟ ನ್ಯಾಸವೆಂಬುದನ್ನು ಮರೆಯುತ್ತಾರೆ.

ಅಹಿಂಸೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಯಂತ್ರದ ನಾಲಿಗೆ ಶುದ್ಧವಾಗಿರಲೆಂದು, ಹಿಂಸೆ ಮತ್ತು ಅತ್ಯಾಚಾರಗಳ ವರ್ಣನೆಗಳನ್ನು ದಿನವಿಡೀ ಓದಿ ಗುರುತು ಹಾಕುವ ಕೆಲಸವನ್ನು ಕೀನ್ಯಾ ದೇಶದ ಕಾರ್ಮಿಕರಿಂದ ಗಂಟೆಗೆ ಎರಡು ಡಾಲರಿಗೂ ಕಡಿಮೆ ಕೂಲಿಗೆ ಮಾಡಿಸಿದುದನ್ನು 'ಟೈಮ್' ಪತ್ರಿಕೆ 2023ರ ಜನವರಿಯಲ್ಲಿ ಬಯಲಿಗೆ ತಂದಿತು. ಓದಿದವರ ಮನಸ್ಸು ಕದಡಿಹೋದುದು ಆ ವರದಿಯಲ್ಲಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ, 2024ರಲ್ಲಿ ಜಗತ್ತಿನ ಕಂಪ್ಯೂಟರ್ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಲೋಕದ ಒಟ್ಟು ಬಳಕೆಯ ಶೇಕಡಾ ಒಂದೂವರೆ ಪಾಲು. ಇದೆಲ್ಲವೂ ಕೃತಕ ಬುದ್ಧಿಮತ್ತೆಗೇ ಖರ್ಚಾದುದಲ್ಲ, ಆದರೆ ಅದರ ಪಾಲು ವೇಗವಾಗಿ ಏರುತ್ತಿದೆ. ಭೋಗೋಪಭೋಗ ಪರಿಮಾಣ ವ್ರತ ಹಿಡಿದವರು ಹಸಿರುಕಾಯಿಗಳನ್ನೂ ಬಟ್ಟೆಗಳನ್ನೂ ಎಣಿಸುತ್ತಾರೆ. ಪ್ರಶ್ನೆಗಳನ್ನೂ ಎಣಿಸಬೇಕಾದ ಕಾಲ ಬಂದಿದೆಯೇ ಎಂಬುದು ವಿಚಾರಾರ್ಹ.

ಇಷ್ಟು ಹೇಳಿದರೂ ಯಂತ್ರವನ್ನು ಮನೆಯಿಂದ ಹೊರಗೆ ಹಾಕಬೇಕೆಂಬುದು ಸಿದ್ಧವಾಗದು. ಕಣ್ಣು ಮಬ್ಬಾದ ವೃದ್ಧರಿಗೆ ಗ್ರಂಥವನ್ನು ಓದಿ ಹೇಳುವುದೂ, ಹಿಂದಿಯಲ್ಲಿ ಬಂದ ಅರ್ಜಿಯನ್ನು ಕನ್ನಡದಲ್ಲಿ ತಿಳಿಸುವುದೂ ಉಪಕಾರಗಳೇ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿ ಇಂದಿಗೂ ಉಳಿದಿದೆ. ಅವಳೂ ಸ್ವಹಸ್ತದಿಂದ ಬರೆಯಲಿಲ್ಲ, ಬರೆಯಿಸಿದಳು. ಕಾರಿತಕ್ಕೆ ಪುಣ್ಯದ ಪಾಲೂ ಉಂಟು. ಆದರೆ ಅವಳ ಲಿಪಿಕಾರರ ಮುಂದೆ ಒಂದು ಮೂಲಪ್ರತಿಯಿತ್ತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರರು ಸ್ಖಾಲಿತ್ಯಗಳಿಗೆ ವಿದ್ವಾಂಸರ ಕ್ಷಮೆ ಬೇಡಿ, ತಿದ್ದಿಕೊಂಡು ಓದಬೇಕೆಂದು ವಿನಂತಿಸುವ ಪದ್ಧತಿಯೂ ಇತ್ತು. ಇಂದಿನ ಯಂತ್ರದ ಕೆಳಗೂ 'ತಪ್ಪುಗಳಿರಬಹುದು' ಎಂಬ ಒಂದು ಸಾಲು ಸಣ್ಣ ಅಕ್ಷರದಲ್ಲಿರುತ್ತದೆ, ಯಾರೂ ಓದುವುದಿಲ್ಲ.

ಆ ಹುಡುಗಿ ಮಾರನೆಯ ದಿನ ಅಜ್ಜನ ಪೆಟ್ಟಿಗೆಯಿಂದ ಪುರಾಣವನ್ನು ತೆಗೆದು, ವಸುರಾಜನ ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಓದಿದಳು. ಸಾಯಂಕಾಲ ಸಭೆಯಲ್ಲಿ ಎದ್ದುನಿಂತು, ಹೆಸರುಗಳು ತಪ್ಪಾಗಿದ್ದವು, ಪದ್ಯ ಪಂಪನದಲ್ಲ, ಭಾಷಣ ತಾನು ಬರೆದುದಲ್ಲ ಎಂದು ಮೂರು ವಾಕ್ಯ ಹೇಳಿ ಕುಳಿತಳು. ಎರಡು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ಹೊತ್ತಿಗೆ ಹಿಂದಿನ ದಿನದ ಚಿತ್ರಿತ ಭಾಷಣ ಹುಬ್ಬಳ್ಳಿ, ಮೂಡುಬಿದಿರೆ, ಸಾಂಗಲಿಗಳ ಬಂಧುಗಳ ಮೊಬೈಲುಗಳನ್ನು ಸೇರಿತ್ತು. ಅಲ್ಲಿಂದ ಮುಂದೆ ಎಲ್ಲೆಲ್ಲಿಗೆ ಹೋಯಿತೋ. "ಇದನ್ನೂ ಅವರಿಗೆಲ್ಲ ಕಳಿಸಬೇಕೇನಜ್ಜಾ?" ಎಂದು ಅವಳು ಕೇಳಿದಳು. ಅಜ್ಜ ಕನ್ನಡಕ ಹಾಕಿಕೊಂಡು ಒಂದು ಹಾಳೆ ತರಹೇಳಿದರು. ಯಾರು ಯಾರಿಗೆ ಕಳುಹಿಸಿದ್ದಾರೆಂದು ಒಬ್ಬೊಬ್ಬರನ್ನೇ ಕೇಳಿ, ಇಬ್ಬರೂ ಕುಳಿತು ಹೆಸರುಗಳನ್ನು ಬರೆಯತೊಡಗಿದರು.